ದೋಣಿಯ ಮೇಲೆ ಕೆಸರಿನ ಕೈ

ನೀರು ಇಳಿದ ಬೆಳಗ್ಗೆ ಮೇಲ್ಬೀದಿಯ ಜನ ಮೊದಲು ಮಾಡಬೇಕಾಗಿದ್ದದ್ದು ಬೇರೆ. ಯಾರಿದ್ದಾರೆ, ಯಾರಿಲ್ಲ ಎಂದು ಕೂಗಿ ನೋಡಬೇಕಿತ್ತು. ಬಿದ್ದ ಗೋಡೆಗಳ ಕೆಳಗೆ ಯಾರಾದರೂ ನರಳುತ್ತಿದ್ದಾರೆಯೇ ಎಂದು ಕಿವಿ ಕೊಡಬೇಕಿತ್ತು. ಹಾಗೆ ಮಾಡಿದವರೂ ಇದ್ದರು. ಇರಲಿಲ್ಲವೆಂದರೆ ಪಾಪ ತಟ್ಟೀತು. ಆದರೆ ಬಹಳ ಜನ ಬಾಗಿಲು ತೆರೆದವರೇ ಅಂಗಳಕ್ಕಿಳಿದು, ಬಗ್ಗಿ, ಒಂದು ಹಿಡಿ ಕೆಸರು ಎತ್ತಿ ಅಂಗೈಗೆ ಬಳಿದುಕೊಂಡರು. ಆಮೇಲೆ ಅಂಗಳದಲ್ಲಿ ಏನೇನು ಬಂದು ನಿಂತಿತ್ತೋ ಅದರ ಮೇಲೆಲ್ಲ ಕೈ ಒತ್ತುತ್ತಾ ಹೋದರು. ಬೀರುವಿನ ಮೇಲೊಂದು ಕೈ. ಹಂಡೆಯ ಮೇಲೊಂದು ಕೈ. ಯಾರದೋ ಮಗುವಿನ ತೊಟ್ಟಿಲ ಮೇಲೂ ಒಂದು ಕೈ.

ಇದು ಊರಿನ ಹಳೆಯ ಕಟ್ಟಳೆ. ನೀರು ಹೊತ್ತು ತಂದದ್ದು, ನೀರು ಇಳಿಯುವಾಗ ಯಾರ ಅಂಗಳದಲ್ಲಿ ನಿಲ್ಲುತ್ತದೋ ಅವರದ್ದು. ಅದೇ ನೀರಿನ ಕೆಸರನ್ನು ಅಂಗೈಗೆ ಹಚ್ಚಿ ಒತ್ತಿದರೆ ಮುಗಿಯಿತು, ಮತ್ತೆ ಕೇಳುವವರಿಲ್ಲ. ಹಿಂದಿನವರು ಇದನ್ನು ಮಾಡಿಕೊಂಡದ್ದು ಕಾಡಿನ ಮರಗಳಿಗಾಗಿ. ಹೊಳೆ ಉಕ್ಕಿದಾಗ ಎಲ್ಲಿಯದೋ ಕಾಡಿನಿಂದ ಬೇರುಸಮೇತ ಮರಗಳು ತೇಲಿ ಬರುತ್ತಿದ್ದವು. ಅವಕ್ಕೆ ಒಡೆಯರಿಲ್ಲ. ಜಗಳ ಬೇಡವೆಂದು ಈ ಏರ್ಪಾಡು. ದೇವರು ಕೊಟ್ಟದ್ದು ಎಂದು ಮೊದಲು ಕೈಮುಗಿದು, ಆಮೇಲೆ ಕೈ ಒತ್ತುತ್ತಿದ್ದರಂತೆ. ಕಾಡು ಹೋಯಿತು, ಮರ ಬರುವುದು ನಿಂತಿತು, ಕೈಮುಗಿಯುವುದೂ ನಿಂತಿತು. ಕೈ ಒತ್ತುವುದು ಮಾತ್ರ ಉಳಿಯಿತು.

ಈ ಸಲ ನೀರು ಬಂದದ್ದು ಕಾಡಿನಿಂದಲ್ಲ. ಸಮುದ್ರದ ಮೇಲೆ ಎದ್ದ ಬಿರುಗಾಳಿ ಸಮುದ್ರವನ್ನೇ ಹೊಳೆಯ ಬಾಯಿಗೆ ತಳ್ಳಿತು. ಹೊಳೆ ಹಿಂದಕ್ಕೆ ಹರಿಯಿತು. ದಡದ ಮೇಲಿದ್ದ ಕೆಳಬೀದಿಯ ಮನೆಗಳಿಗೆ ನೀರು ಕಿಟಕಿಯಿಂದ ನುಗ್ಗಿ, ಬಾಗಿಲಿನಿಂದ ಸಂಸಾರವನ್ನೆಲ್ಲ ಹೊರಗೆಳೆದುಕೊಂಡು, ದಿಬ್ಬದ ಮೇಲಿನ ಮೇಲ್ಬೀದಿಯ ಅಂಗಳಗಳಲ್ಲಿ ಇಳಿಸಿ ಹೋಯಿತು. ಮೇಲ್ಬೀದಿಯವರೂ ಸುಖವಾಗಿರಲಿಲ್ಲ. ಅವರ ಮನೆಗಳ ಮಾಡುಗಳನ್ನು ಹೆಂಚು ತೊಲೆಗಳ ಸಮೇತ ಗಾಳಿ ಕಿತ್ತುಕೊಂಡಿತ್ತು. ಆದ್ದರಿಂದ ಅವರ ಬಾಯಲ್ಲಿ ಒಂದೇ ಮಾತು: "ಗಾಳಿ ನಮ್ಮದನ್ನ ತಗೊಂಡ್ತು, ನೀರು ನಮಗೆ ಕೊಡ್ತು. ನಾವೇನು ಯಾರ ಮನೆಗಾದ್ರೂ ನುಗ್ಗಿ ತಂದ್ವಾ?"

ಕೆಳಬೀದಿಯವರು ತಮ್ಮ ಸತ್ತವರನ್ನು ಮಣ್ಣು ಮಾಡಿ ಬಂದು ಮೇಲ್ಬೀದಿಯ ಶಾಲೆಯಲ್ಲಿ, ಪ್ರಾರ್ಥನಾ ಮಂದಿರದಲ್ಲಿ ಸೇರಿಕೊಂಡರು. ಹೋಗಲು ಬೇರೆ ಜಾಗವಿರಲಿಲ್ಲ. ಸೇತುವೆ ನಡುವಿನಲ್ಲಿ ಮುರಿದು ಹೊಳೆಗೆ ಬಿದ್ದಿತ್ತು. ಆಸ್ಪತ್ರೆ, ಹಿಟ್ಟಿನ ಗಿರಣಿ, ಮರದ ಅಡ್ಡೆ, ಅಂಗಡಿಬೀದಿ ಎಲ್ಲವೂ ಆ ದಡದಲ್ಲಿ. ಒಂದು ಹೆಲಿಕಾಪ್ಟರ್ ಬಂದು ಸುತ್ತಿ, ಪೊಟ್ಟಣಗಳನ್ನು ಉದುರಿಸಿತು. ಅರ್ಧ ಹೊಳೆಗೆ ಬಿದ್ದವು, ಉಳಿದರ್ಧದ ಮೇಲೆ ಎರಡೂ ಬೀದಿಯವರು ಬಿದ್ದರು.

ಶಾಲೆಯ ಮೆಟ್ಟಿಲ ಮೇಲೆ ಕುಳಿತ ಕೆಳಬೀದಿಯ ಹೆಂಗಸರಿಗೆ ಎದುರಿನ ಮನೆಯ ಹಗ್ಗದ ಮೇಲೆ ತಮ್ಮದೇ ಹೊದಿಕೆ ಒಣಗುತ್ತಿರುವುದು ಕಾಣುತ್ತಿತ್ತು. ತಮ್ಮ ಪಾತ್ರೆಯಲ್ಲಿ ಬೇರೆಯವರ ಅನ್ನ ಕುದಿಯುವ ಸದ್ದೂ ಕೇಳುತ್ತಿತ್ತು. ದರ್ಜಿಯ ಹೊಲಿಗೆ ಮಿಷನ್ನು ರೇಡಿಯೋನ ಜಗಲಿಯ ಮೇಲಿತ್ತು. ರೇಡಿಯೋ ಎಂದರೆ ರೇಡಿಯೋ ರಿಪೇರಿ ಮಾಡುವವನು. ಕೆಟ್ಟುಹೋದ ರೇಡಿಯೋಗಳು ಅವನ ಕೈಯಲ್ಲಿ ಮಾತಾಡಿದವೋ ಇಲ್ಲವೋ, ಅವನು ಮಾತ್ರ ಒಂದು ದಿನವೂ ಬಾಯಿ ಮುಚ್ಚಿದವನಲ್ಲ. ದರ್ಜಿ ದಿನಾ ಆ ಜಗಲಿಯ ಮುಂದೆ ಹೋಗಿ ನಿಲ್ಲುತ್ತಿದ್ದ, ಏನೂ ಕೇಳುತ್ತಿರಲಿಲ್ಲ. "ಏನ್ ದರ್ಜಿ, ಅಳತೆ ತಗೊಳ್ತಾ ಇದ್ದೀಯಾ?" ಎಂದು ರೇಡಿಯೋ ನಗುತ್ತಿದ್ದ.

ಊರಿನ ದೋಣಿಗಳಲ್ಲಿ ಉಳಿದದ್ದು ಒಂದೇ, ಕೆಳಬೀದಿಯ ದೋಣಿಯಕ್ಕನದ್ದು. ಗಂಡ ಸತ್ತ ಮೇಲೂ ಹುಟ್ಟು ಕೈಬಿಡದೆ ಜನರನ್ನು ಆ ದಡಕ್ಕೂ ಈ ದಡಕ್ಕೂ ಸಾಗಿಸುತ್ತಿದ್ದವಳು. ಸೇತುವೆ ಬಂದ ಮೇಲೆ ಅವಳ ಕೆಲಸ ತೆಳುವಾಗಿತ್ತು. ಹುಲ್ಲಿನ ಹೊರೆಯವರು, ಕುರಿಯವರು, ಸೇತುವೆಯ ತನಕ ನಡೆಯಲಾರದ ಮುದುಕಿಯರು ಅಷ್ಟೇ ಬರುತ್ತಿದ್ದರು. ಈಗ ಸೇತುವೆಯಿಲ್ಲ. ಆ ದಡದಲ್ಲಿ ಜನ ನಿಂತು ಬಟ್ಟೆ ಬೀಸುವುದು ಇಲ್ಲಿಂದ ಕಾಣುತ್ತಿತ್ತು. ಬೇಕಾದದ್ದು ಒಂದು ದೋಣಿ. ಆ ದೋಣಿ, ಒಂದು ಕಡೆಯೂ ಒಡೆಯದೆ, ಮೇಲ್ಬೀದಿಯ ಬಡಗಿಯ ಅಂಗಳದಲ್ಲಿ ಬಂದು ಕುಳಿತಿತ್ತು. ಅದರ ಮೂತಿಯ ಮೇಲೆ ಬಡಗಿಯ ಅಗಲವಾದ ಅಂಗೈ ಐದೂ ಬೆರಳು ಬಿಡಿಸಿಕೊಂಡು ಒಣಗಿತ್ತು.

ನೀರು ಒಂದೊಂದು ಸಲ ಎಂಥ ಕಡೆ ಎಂಥದನ್ನು ತಂದಿಡುತ್ತದೆ. ಮೇಲಿರುವವನ ಮನಸ್ಸಿನಲ್ಲಿ ಏನಿರುತ್ತದೋ, ನಮಗೆ ತಿಳಿಯುವುದು ಬಹಳ ತಡವಾಗಿ.

ಬಹಳ ವರ್ಷಗಳ ಹಿಂದೆ, ದೋಣಿಯಕ್ಕ ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಇನ್ನೊಂದು ದೊಡ್ಡ ನೀರು ಬಂದಿತ್ತು. ಅದು ಮೇಲಿನಿಂದ ಕೆಳಕ್ಕೆ ಹರಿದ ನೀರು. ಬಡಗಿಯ ಅಪ್ಪ ಮನೆಯ ಮಾಡಿಗೆಂದು ಮರ ಕೊಯ್ಯಿಸಿ, ಹಲಗೆ ತೊಲೆಗಳನ್ನು ಹಿತ್ತಲಲ್ಲಿ ನೆರಳಿಗೆ ಒಣಗಲು ಪೇರಿಸಿದ್ದ. ಮರ ಒಣಗುವ ಮೊದಲೇ ಮುದುಕ ಹೋಗಿಬಿಟ್ಟಿದ್ದ. ನೀರು ಆ ಪೇರಿಕೆಯನ್ನು ಎತ್ತಿಕೊಂಡು ಹೋಗಿ ಕೆಳಬೀದಿಯಲ್ಲಿ, ದೋಣಿಯಕ್ಕನ ಗಂಡ ಅಂಬಿಗನ ಅಂಗಳದಲ್ಲಿ ಹಾಕಿತು. ಅಂಬಿಗ ಕೈ ಒತ್ತಿದ. ಬಡಗಿ ಕೇಳಲು ಬಂದಾಗ, "ನೀರು ಕೊಟ್ಟಿದ್ದಪ್ಪ, ನಂದೇನಿದೆ" ಎಂದ. ಆ ಮರದಿಂದಲೇ ಈ ದೋಣಿಯಾಯಿತು.

ಅಂದಿನಿಂದ ಬಡಗಿ ಅದರಲ್ಲಿ ಕಾಲಿಟ್ಟವನಲ್ಲ. ಸೇತುವೆಯಾಗುವ ತನಕ ಎರಡು ಹರದಾರಿ ಸುತ್ತಿ, ಕಲ್ಲುಗಳ ಮೇಲೆ ಹಾರಿ ಹೊಳೆ ದಾಟುತ್ತಿದ್ದ. ಯಾರಾದರೂ ದೋಣಿಗೆ ಹೊರಟರೆ, "ಕಳ್ಳನ ದೋಣಿ ಬಂತೇನೋ ನೋಡಿ" ಎನ್ನುತ್ತಿದ್ದ. ಅಂಬಿಗ ಸತ್ತ ದಿನ ಇಡೀ ಊರು ಹೋದಾಗಲೂ ಅವನು ಅಂಗಳದಲ್ಲಿ ಕುಳಿತು ಉಳಿ ಮಸೆಯುತ್ತಿದ್ದ.

ಸತ್ತವರ ಕೆಲಸ ಮುಗಿದ ಮಾರನೆಯ ದಿನ ದೋಣಿಯಕ್ಕ ಬಡಗಿಯ ಮನೆಗೆ ಬಂದಳು. ಮಾಡಿಲ್ಲದ ಮನೆ. ಗೋಡೆಗಳ ಮೇಲೆ ಟಾರ್ಪಾಲು ಕಟ್ಟಿ ಅದರ ಕೆಳಗೆ ಹೆಂಡತಿ ಒಲೆ ಹಚ್ಚುತ್ತಿದ್ದಳು. ಒದ್ದೆ ಸೌದೆ ಹೊಗೆ ಮಾತ್ರ ಕೊಡುತ್ತಿತ್ತು. ಬಡಗಿ ದೋಣಿಯನ್ನು ಎರಡು ದಿಮ್ಮಿಗಳ ಮೇಲೆ ಏರಿಸಿ, ಸುತ್ತ ನಡೆದು, ಬೆರಳ ಗೆಣ್ಣಿನಿಂದ ಹಲಗೆಗಳನ್ನು ತಟ್ಟಿ ನೋಡುತ್ತಿದ್ದ.

"ಬಡಗಿಯಣ್ಣ," ಎಂದಳು.

"ನಿನ್ನ ಬಾಯಲ್ಲಿ ಅಣ್ಣ ಬೇಡ. ಬಂದ ಕೆಲಸ ಹೇಳು."

"ಗೊತ್ತಿರೋದೇ ಅಲ್ವಾ. ಆ ದಡಕ್ಕೆ ಹೋಗ್ಬೇಕು. ಶಾಲೆಯಲ್ಲಿ ಮಕ್ಕಳಿಗೆ ವಾಂತಿ ಶುರುವಾಗಿದೆ. ಔಷಧಿ ಇಲ್ಲ, ಹಿಟ್ಟಿಲ್ಲ."

"ಹೋಗು. ಯಾರು ಬೇಡ ಅಂದ್ರು?"

"ದೋಣಿ?"

"ಯಾವ ದೋಣಿ? ಇಲ್ಲಿ ಎಲ್ಲಿದೆ ದೋಣಿ? ಇದು ನಮ್ಮಪ್ಪನ ಮರ. ದಾರಿ ತಪ್ಪಿತ್ತು, ಈಗ ಮನೆಗೆ ಬಂತು." ಅವನು ಮೂತಿಯ ಮೇಲಿನ ಕೆಸರಿನ ಕೈಯ ಮೇಲೆ ತನ್ನ ಕೈಯಿಟ್ಟ. ಅಳತೆ ಸರಿಯಾಗಿಯೇ ಇತ್ತು. "ನಾಳಿದ್ದು ಕೊಯ್ತೀನಿ. ಮಾಡಿಗೆ ಪಟ್ಟಿ ಆಗುತ್ತೆ. ಅಪ್ಪ ಅಂದ್ಕೊಂಡಿದ್ದ ಹಾಗೇ ಆಗುತ್ತೆ."

"ಬಾಗಿದ ಹಲಗೆ ಮಾಡಿಗೆ ಬರುತ್ತಾ?"

"ಬರೋ ಹಾಗೆ ಮಾಡೋದು ನನ್ನ ಕಸುಬು. ನಿನಗ್ಯಾಕೆ?"

ಒಲೆಯ ಹತ್ತಿರದಿಂದ ಹೆಂಡತಿ, "ರೀ, ಒಂದು ವಾರದ ಮಟ್ಟಿಗಾದ್ರೂ," ಎಂದಳು.

"ನೀನು ಊದು. ಹೊಗೆ ಬರ್ತಿದೆ." ಮತ್ತೆ ದೋಣಿಯಕ್ಕನ ಕಡೆ ತಿರುಗಿದ. "ನಾನು ನಿಮ್ಮ ಅಂಗಳಕ್ಕೆ ಬಂದು ಇದೇ ಥರ ನಿಂತಿದ್ದೆ. ಅವತ್ತು ಮೀಸೆ ಬಂದಿರಲಿಲ್ಲ ಸರಿಯಾಗಿ. ನೀನು ಬಾಗಿಲ ಹಿಂದೆ ನಿಂತಿದ್ದೆ, ಜ್ಞಾಪಕ ಇದೆ. ನಿನ್ನ ಗಂಡ ಏನಂದ ಗೊತ್ತಲ್ಲ? ಅದನ್ನೇ ಈಗ ನಾನಂತೀನಿ. ನೀರು ಕೊಟ್ಟಿದ್ದಮ್ಮ, ನಂದೇನಿದೆ."

ಅವಳು ಹೊರಟಳು. ಹಿಂತಿರುಗುವಾಗ ಬೀದಿಯ ಎರಡೂ ಕಡೆ ಬಾಗಿಲುಗಳಲ್ಲಿ ನಿಂತವರು ಅವಳನ್ನು ನೋಡುತ್ತಿದ್ದರು.

ಮಂದಿರದ ದೀಪ ಹಚ್ಚುವ ಮುದುಕನನ್ನು ಎಲ್ಲರೂ ದೀಪದಜ್ಜ ಎನ್ನುತ್ತಿದ್ದರು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅವನು ಎರಡೂ ಬೀದಿಯವರನ್ನು ಕೂರಿಸಿದ. ಕೂರಿಸಿದ ಎಂದರೆ, ಕೆಳಬೀದಿಯವರು ಅಲ್ಲೇ ಮಲಗಿ ಏಳುತ್ತಿದ್ದವರು, ಚಾಪೆ ಸುತ್ತಿ ಗೋಡೆಗೆ ಒರಗಿದರು. ಮೇಲ್ಬೀದಿಯವರು ಬಾಗಿಲ ಬಳಿ ನಿಂತರು. ನಡುವೆ ಖಾಲಿ ನೆಲ.

"ದೇವರ ಮನೆ," ಎಂದ ದೀಪದಜ್ಜ. "ಇಲ್ಲಿ ಜೋಡಿಸೋ ಕೈ, ಅಲ್ಲಿ ಒತ್ತೋ ಕೈ, ಎರಡೂ ಒಂದೇ ಕೈ. ಅದನ್ನ ಯೋಚನೆ ಮಾಡಿ ಮಾತಾಡಿ. ದೋಣಿ ಅವಳಿಗೆ ಕೊಡೋದು ಎಲ್ಲರಿಗೂ ಒಳ್ಳೇದು ಅಂತ ನನಗೆ ಅನ್ಸುತ್ತೆ."

ಮೇಲ್ಬೀದಿಯವರಿಗೂ ಹಿಟ್ಟು ಬೇಕಿತ್ತು, ಔಷಧಿ ಬೇಕಿತ್ತು. ಆದ್ದರಿಂದ ಒಂದಿಬ್ಬರು ಹೌದಲ್ಲವೇ ಎಂಬಂತೆ ತಲೆಯಾಡಿಸಿದರು. ಆಗ ರೇಡಿಯೋ ಮುಂದೆ ಬಂದ.

"ಅಜ್ಜಾ, ನಿಮ್ಮ ಅಂಗಳಕ್ಕೆ ಏನೂ ಬಂದಿಲ್ಲ, ಅದಕ್ಕೇ ನಿಮಗೆ ಧರ್ಮ ಸಲೀಸು. ಇವತ್ತು ದೋಣಿ ವಾಪಸ್ ಅಂತೀರಿ. ನಾಳೆ ದರ್ಜಿ ಬಂದು ಮಿಷನ್ ಅಂತಾನೆ. ನಾಡಿದ್ದು ಆ ಮೂಲೆ ಮನೆಯವಳು ಹಂಡೆ ಅಂತಾಳೆ. ಆಮೇಲೆ ಹೊದಿಕೆ, ಬೀರು, ಚಮಚ. ಎಲ್ಲಿಗೆ ನಿಲ್ಲುತ್ತೆ? ನಮ್ಮ ತಲೆ ಮೇಲೆ ಮಾಡಿಲ್ಲ. ನಮಗೆ ಯಾರು ವಾಪಸ್ ಕೊಡ್ತಾರೆ? ಗಾಳಿನಾ?"

ತಲೆಯಾಡಿಸಿದವರು ತಲೆ ನಿಲ್ಲಿಸಿದರು. ಪ್ರತಿಯೊಬ್ಬರ ಕಣ್ಣಿಗೂ ತಮ್ಮ ತಮ್ಮ ಅಂಗಳ ಬಂದಿತ್ತು.

"ಮಿಷನ್ ನಂದು," ಎಂದ ದರ್ಜಿ. ಅಷ್ಟು ದಿನಗಳಲ್ಲಿ ಅವನು ಆಡಿದ ಮೊದಲ ಮಾತು ಅದು.

"ನೋಡಿದ್ರಾ," ಎಂದ ರೇಡಿಯೋ. "ನಾನು ನಾಳೆ ಅಂದೆ. ಇವನು ಇವತ್ತೇ ಶುರು ಮಾಡಿದ."

ಒಬ್ಬಳು ಹೆಂಗಸು ಎದ್ದು, "ನಿಮ್ಮನೆ ಮಗು ಮಲಗಿರೋ ತೊಟ್ಟಿಲು ನನ್ನ ಮಗೂದು ಕಣೇ. ನನ್ನ ಮಗು ಇಲ್ಲ, ತೊಟ್ಟಿಲು ನಿಂಗಿರ್ಲಿ," ಎಂದಳು. ಎದುರಿನವಳು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಆದರೆ ತೊಟ್ಟಿಲು ವಾಪಸು ಬರಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಯಾರೋ, "ಶಾಲೆ ನಮ್ಮ ಬೀದೀದು. ಇಷ್ಟು ಮಾತಾಡೋರು ಬೇರೆ ಜಾಗ ನೋಡ್ಕೊಳ್ಳಿ," ಎಂದುಬಿಟ್ಟರು. ದೀಪದಜ್ಜ ಎದ್ದು, ಉರಿಯುತ್ತಿದ್ದ ದೀಪದ ಬತ್ತಿಯನ್ನು ಸುಮ್ಮನೆ ಒಮ್ಮೆ ಮುಂದೆ ಮಾಡಿದ.

ಬಡಗಿ ಇಷ್ಟು ಹೊತ್ತೂ ಬಾಗಿಲ ಹೊರಗೆ ನಿಂತಿದ್ದ. "ಕಟ್ಟಳೆ ಕಟ್ಟಳೇನೇ," ಎಂದು ಅಷ್ಟೇ ಹೇಳಿ ಹೋದ.

ಸಂಜೆ ಶಾಲೆಯ ಕೋಣೆಯಲ್ಲಿ ದೋಣಿಯಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಕರಿಹಲಗೆಯ ಮೇಲೆ ನೀರಿಗೆ ಮುಂಚಿನ ದಿನದ ಮಗ್ಗಿ ಇನ್ನೂ ಇತ್ತು. ಪಕ್ಕದಲ್ಲಿ ಅವಳ ಅತ್ತೆ, ಸತ್ತ ಅಂಬಿಗನ ತಾಯಿ, ಹಲ್ಲಿಲ್ಲದ ಬಾಯಲ್ಲಿ ಒಣ ಬಿಸ್ಕತ್ತನ್ನು ನೆನೆಸುತ್ತಿದ್ದಳು. ಕಿವಿ ಮಂದ, ಆದರೆ ಬೇಕಾದ್ದು ಕೇಳುವಷ್ಟು ಇತ್ತು.

"ನಾಳೆ ಕೊಯ್ತಾನಂತೆ, ಅತ್ತೆ."

"ಕೊಯ್ಯೋನು ಕೊಯ್ಯದೆ ಬಿಡ್ತಾನಾ. ಅವರಪ್ಪನೂ ಹಾಗೇ. ಹಿಡಿದ ಗರಗಸ ಬಿಡ್ತಿರಲಿಲ್ಲ."

ದೋಣಿಯಕ್ಕ, "ನಿಮ್ಮ ಮಗನಿಗೆ ಅದು ಯಾರ ಮರ ಅಂತ ಗೊತ್ತಿರಲಿಲ್ಲ ಅಂತಾನೇ ನಾನು ಎಲ್ಲರ ಹತ್ರ ಹೇಳ್ಕೊಂಡು ಬಂದೆ," ಎಂದಳು.

"ಗೊತ್ತಿರಲಿಲ್ವಾ? ಮರ ಕೊಯ್ಯೋವಾಗ ಇವನೇ ಅಲ್ಲಿ ಕೂಲಿಗೆ ಹೋಗಿದ್ದ. ಗರಗಸದ ಇನ್ನೊಂದು ತುದಿ ಹಿಡಿದವನು ಇವನೇ. ಹಲಗೆ ಹಲಗೇನೂ ಗೊತ್ತಿತ್ತು." ಮುದುಕಿ ಬಿಸ್ಕತ್ತಿನ ಪುಡಿಯನ್ನು ಮಡಿಲಿನಿಂದ ಆರಿಸಿ ಬಾಯಿಗೆ ಹಾಕಿಕೊಂಡಳು. "ನಿಂಗೂ ಗೊತ್ತಿತ್ತು, ಬಿಡು."

"ಗೊತ್ತಿತ್ತು."

"ನಂಗೂ ಗೊತ್ತಿತ್ತು. ದೋಣಿ ಚೆನ್ನಾಗಾಗಿತ್ತು, ಸುಮ್ನಾದ್ವಿ."

"ನಾಳೆ ಎಲ್ಲರ ಎದುರಿಗೆ ಒಂದು ಮಾತು ಹೇಳ್ಬೇಕು ಅಂತಿದ್ದೀನಿ, ಅತ್ತೆ. ಹೇಳಿದ್ರೆ ನಿಮ್ಮ ಮಗನ ಹೆಸರು ಹೋಗುತ್ತೆ. ಸತ್ತವನು ಬಂದು ಇಲ್ಲ ಅನ್ನೋಕಾಗಲ್ಲ. ನೀವು ಬೇಡ ಅಂದ್ರೆ ಹೇಳಲ್ಲ."

ಅತ್ತೆ ಬಹಳ ಹೊತ್ತು ಕರಿಹಲಗೆಯ ಮಗ್ಗಿಯನ್ನೇ ನೋಡಿದಳು. ಓದಲು ಬರದವಳು. ಆಮೇಲೆ, "ಅವನು ದಾಟಿ ಆಯ್ತು, ಮಗಳೇ. ಅವನಿಗೇನು ದೋಣಿ ಬೇಕಾ? ಈ ದಡದಲ್ಲಿ ಉಳಿದಿರೋರು ನಾವು," ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಅವಳ ಬೆನ್ನು ಆಗಾಗ ಅಲುಗುತ್ತಿತ್ತು. ಸೊಸೆ ಅದರ ಮೇಲೆ ಕೈಯಿಟ್ಟುಕೊಂಡೇ ಕುಳಿತಳು. ಪಕ್ಕದ ಕೋಣೆಯಲ್ಲಿ ಯಾವುದೋ ಮಗು ಮತ್ತೆ ವಾಂತಿ ಮಾಡಿತು.

ಬೆಳಗ್ಗೆ ಬಿಸಿಲೇರುವ ಮುಂಚೆಯೇ ಬಡಗಿಯ ಅಂಗಳದ ಸುತ್ತ ಜನ ಸೇರಿದ್ದರು. ಮೇಲ್ಬೀದಿಯವರು ಹತ್ತಿರ ನಿಂತಿದ್ದರು, ಕಟ್ಟಳೆ ನಡೆಯುವುದನ್ನು ಕಣ್ಣಾರೆ ನೋಡಿ ನೆಮ್ಮದಿ ಪಡೆಯಬೇಕಿತ್ತು ಅವರಿಗೆ. ಕೆಳಬೀದಿಯವರು ಬೇಲಿಯಾಚೆ. ಬಡಗಿ ಕಣ್ಣು ಮುಚ್ಚಿ ದೇವರನ್ನು ನೆನೆದು, ಗರಗಸವನ್ನು ಹಣೆಗೆ ಮುಟ್ಟಿಸಿ, ದೋಣಿಯ ಅಂಚಿನ ಹಲಗೆಯ ಮೇಲಿಟ್ಟ. ಮೊದಲ ಎಳೆತಕ್ಕೆ ಡಾಂಬರು ಉದುರಿತು. ಎರಡನೆಯದಕ್ಕೆ ಒಳಗಿನ ಕೆಂಪು ಮರ ಕಂಡಿತು. ಇಷ್ಟು ವರ್ಷ ನೀರಿನಲ್ಲಿದ್ದರೂ ಹೊಸದಾಗಿ ಕೊಯ್ದ ಮರದ ವಾಸನೆಯೇ ಬಂತು. ಅವನ ಮೂಗಿನ ಹೊಳ್ಳೆಗಳು ಅರಳಿದವು. ಮೂರು ಬೆರಳಷ್ಟು ಆಳ ಕೊಯ್ದಾಗ ದೋಣಿಯಕ್ಕ ಬೇಲಿ ದಾಟಿ ಒಳಗೆ ಬಂದಳು.

"ಬಂದ್ಳು ನೋಡಿ ಅಳೋಕೆ," ಎಂದ ರೇಡಿಯೋ.

"ಅಳಲ್ಲ," ಎಂದಳು. "ಬಡಗಿಯಣ್ಣ, ಒಂದು ಮಾತು ಕೇಳ್ತೀನಿ. ಉತ್ತರ ಕೊಟ್ಟು ಆಮೇಲೆ ಕೊಯ್ಯಿ. ಈ ದೋಣಿ ನಿಂದು ಅಂತೀಯಲ್ಲ, ಹೇಗೆ ನಿಂದು?"

"ನೀರು ತಂತು. ನಾನು ಕೈ ಒತ್ತಿದೆ."

"ನನ್ನ ಗಂಡನೂ ಅಷ್ಟೇ ಮಾಡಿದ್ದು. ನೀರು ತಂತು, ಕೈ ಒತ್ತಿದ. ಹಾಗಿದ್ರೆ ಇಷ್ಟು ವರ್ಷ ಅವನನ್ನ ಕಳ್ಳ ಅಂದೆಯಲ್ಲ, ಯಾಕೆ?"

"ಕಳ್ಳನೇ ಅವನು. ಅದು ನಮ್ಮಪ್ಪನ ಮರ. ಅವನಿಗೆ ಚೆನ್ನಾಗಿ ಗೊತ್ತಿತ್ತು."

"ಹೌದು, ಗೊತ್ತಿತ್ತು."

ಬಡಗಿಯ ಕೈ ನಿಂತಿತು.

"ನಿಮ್ಮಪ್ಪನ ಮರ ಅದು. ನನ್ನ ಗಂಡನೇ ಗರಗಸ ಹಿಡಿದು ಕೊಯ್ದಿದ್ದ, ಅವನಿಗೆ ಹಲಗೆ ಹಲಗೇನೂ ಗೊತ್ತಿತ್ತು. ನನಗೂ ಗೊತ್ತಿತ್ತು. ನೀನು ಬಂದು ನಿಂತಾಗ ಬಾಗಿಲ ಹಿಂದೆ ಇದ್ದೆ, ಬಾಯಿ ಬಿಡಲಿಲ್ಲ. ಕಳ್ಳತನ ಅನ್ನು, ಇಷ್ಟು ಜನರ ಎದುರಿಗೆ ನಾನು ಹೌದು ಅಂತೀನಿ." ಬೇಲಿಯಾಚೆ ಅವಳ ಅತ್ತೆ ತಲೆ ತಗ್ಗಿಸಿ ನಿಂತಿದ್ದಳು. ಸೊಸೆ ಆ ಕಡೆ ನೋಡಲಿಲ್ಲ. "ಆದ್ರೆ ಅದು ಕಳ್ಳತನ ಆದ್ರೆ ಇದೂ ಕಳ್ಳತನ. ಇದು ಕಟ್ಟಳೆ ಆದ್ರೆ ಅದೂ ಕಟ್ಟಳೆ. ಎರಡರಲ್ಲಿ ಯಾವುದು ಅಂತ ನೀನೇ ಹೇಳು. ನೀರು ಕೊಟ್ಟಿದ್ದು ಅಂತೀಯಾ, ಕೊಯ್ಯಿ, ನಾನು ಈಗಲೇ ಹೋಗ್ತೀನಿ. ಆದ್ರೆ ನನ್ನ ಗಂಡ ಕಳ್ಳ ಅನ್ನೋ ಮಾತು ನಿನ್ನ ಬಾಯಿಂದ ಇನ್ನು ಬರಬಾರದು. ಕಳ್ಳ ಅಂತೀಯಾ, ಗರಗಸ ಕೆಳಗಿಡು. ನಿನ್ನ ಮಾಡಿಗೆ ಎಷ್ಟು ಮರ ಬೇಕೋ ಆ ದಡದ ಅಡ್ಡೆಯಿಂದ ನಾನೇ ತಂದು ಹಾಕ್ತೀನಿ, ಇದೇ ದೋಣೀಲಿ. ಮರಕ್ಕೆ ಮರ."



ಮೊದಲು ಅರ್ಥವಾದದ್ದು ರೇಡಿಯೋಗೆ. "ಏ ಬಡಗಿ," ಎಂದ, ದನಿ ಇಳಿಸಿ. "ಯೋಚನೆ ಮಾಡಿ ಬಾಯಿ ಬಿಡು. ನೀರು ಕೊಟ್ಟಿದ್ದು ಅನ್ನು, ಸಾಕು. ಹಳೇದೆಲ್ಲ ಬಿಟ್ಟುಹಾಕು. ಸತ್ತವನನ್ನ ಬೈದು ನಿನಗೇನಾಗ್ಬೇಕು?"

"ಹೌದಪ್ಪ, ಬಿಟ್ಟುಬಿಡು ಆ ಮಾತು," ಎಂದರು ಇನ್ನೊಬ್ಬರು.

"ದೋಣಿ ಕೊಯ್ಯಿ, ಮಾಡು ಏರಿಸು. ನಾವೆಲ್ಲ ಕೈ ಹಾಕ್ತೀವಿ."

ಬಡಗಿ ಗರಗಸದ ಹಿಡಿಯನ್ನೇ ನೋಡುತ್ತಿದ್ದ. ಅವನ ಅಪ್ಪನ ಗರಗಸ ಅದು. ಇನ್ನು ಎಂಟು ಹತ್ತು ಎಳೆತಕ್ಕೆ ಹಲಗೆ ಬೀಳುತ್ತಿತ್ತು. ಬೇಕಾದದ್ದು ಒಂದು ಮಾತು. ಆ ಮಾತು ಆಡಿದರೆ ತಲೆಯ ಮೇಲೆ ಮಾಡು ಬರುತ್ತದೆ, ಬೀದಿಯೆಲ್ಲ ಅವನ ಕಡೆ ನಿಲ್ಲುತ್ತದೆ. ಆದರೆ ಮೀಸೆ ಬಾರದ ಆ ಹುಡುಗ, ಕೆಳಬೀದಿಯ ಅಂಗಳದಲ್ಲಿ ನಿಂತು, ಅಳು ನುಂಗಿಕೊಂಡು ಬರಿಗೈಯಲ್ಲಿ ಮನೆಗೆ ಬಂದವನು, ಸುಳ್ಳು ಹೇಳಿದ ಹಾಗಾಗುತ್ತದೆ. ಅಷ್ಟು ವರ್ಷ ಅವನು ಕಲ್ಲುಗಳ ಮೇಲೆ ಹಾರಿ ಹೊಳೆ ದಾಟಿದ್ದು ಸುಮ್ಮನೆ ಎಂದಾಗುತ್ತದೆ.

ದೇವರು ಮನುಷ್ಯನನ್ನು ಒಳ್ಳೆಯ ದಾರಿಗೆ ತರುವುದು ಯಾವಾಗಲೂ ಅವನ ಒಳ್ಳೆಯತನದಿಂದಲೇ ಅಲ್ಲ. ಕೆಲವರನ್ನು ಹಟದ ಕಿವಿ ಹಿಡಿದೇ ಎಳೆದು ತರಬೇಕಾಗುತ್ತದೆ.

"ಕಳ್ಳತನ," ಎಂದ ಬಡಗಿ. "ಅವತ್ತೂ ಹೇಳಿದ್ದೆ, ಇವತ್ತೂ ಹೇಳ್ತೀನಿ. ಒಂದು ಮಾಡಿಗೋಸ್ಕರ ಆ ಮಾತು ವಾಪಸ್ ತಗೊಳ್ಳಲ್ಲ." ಗರಗಸವನ್ನು ಸೀಳಿನಿಂದ ಬಿಡಿಸಿ, ಬಟ್ಟೆಯಲ್ಲಿ ಒರೆಸಿ, ಪಕ್ಕಕ್ಕಿಟ್ಟ. "ಮರ ನಂದು. ಜ್ಞಾಪಕ ಇಟ್ಕೋ. ತಗೊಂಡು ಹೋಗು ನಿನ್ನ ದೋಣಿ."

"ಹಾಗಾದ್ರೆ ನಾವೆಲ್ಲ ಕಳ್ಳರು ಅಂತಾಯ್ತು," ಎಂದ ರೇಡಿಯೋ.

"ಅದು ನಿಮ್ಮ ನಿಮ್ಮ ಅಂಗಳಕ್ಕೆ ಬಿಟ್ಟಿದ್ದು."

"ಮಾಡಿಲ್ಲದ ಮನೇಲಿ ಮಳೇಲಿ ಕೊಳೀತೀಯ, ನೋಡ್ತಿರು. ಈ ಬೀದೀಲಿ ಒಂದು ಮೊಳೆ ನಿನಗೆ ಹುಟ್ಟಲ್ಲ."

ದೋಣಿ ಎತ್ತಲು ಬೇಲಿಯಾಚೆಯಿಂದ ಕೆಳಬೀದಿಯವರು ಬಂದರು. ಮೇಲ್ಬೀದಿಯವರು ದಾರಿ ಬಿಡಲಿಲ್ಲ. ಸುತ್ತಿಕೊಂಡು ಹೋಗಬೇಕಾಯಿತು. ಎತ್ತುವಾಗ ಹಿಂದಿನ ಮೂಲೆಗೆ ಒಬ್ಬ ಆಳು ಸಾಲದೆ ದೋಣಿ ವಾಲಿತು. ಬಡಗಿ ಬೈಯುತ್ತಲೇ ಬಂದು ಆ ಮೂಲೆಗೆ ಹೆಗಲು ಕೊಟ್ಟ. ದಡದವರೆಗೂ ಹೊತ್ತ. ನೀರಿಗಿಳಿಸಿದ ಕೂಡಲೇ ತಿರುಗಿ ನೋಡದೆ ಹೋದ. ಅತ್ತೆ ಅವನು ಹೋಗುವ ದಾರಿಯಿಂದ ಸರಿದು ನಿಂತಳು. ತನ್ನ ಮಗನನ್ನು ಕಳ್ಳನೆಂದವನ ಮುಖ ನೋಡಲು ಅವಳಿಗೆ ಆಗಲಿಲ್ಲ. ಸೊಸೆಯ ಮುಖವನ್ನೂ ಅವಳು ಅಂದು ನೋಡಲಿಲ್ಲ.

ವಸ್ತುಗಳು ವಾಪಸು ಬಂದವು. ಸಂತೋಷದಿಂದ ಬಂದವು ಎಂದು ಹೇಳಲಾರೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಯಾರಾದರೂ ಮೊದಲು ಕೊಡಲಿ ಎಂದು ಕಾದರು. ಆಮೇಲೆ ಒಂದು ಮುಂಜಾನೆ ಶಾಲೆಯ ಮುಂದೆ ಆ ತೊಟ್ಟಿಲು ಇತ್ತು, ಮೇಲಿನ ಕೆಸರು ತೊಳೆದಿತ್ತು. ಯಾರು ತಂದಿಟ್ಟರೆಂದು ಯಾರೂ ಕೇಳಲಿಲ್ಲ. ಅದರ ಹಿಂದೆಯೇ ಹಂಡೆ ಬಂತು, ಬೀರು ಬಂತು, ಎಷ್ಟೋ ಬಾರದೆಯೂ ಉಳಿದವು. ರೇಡಿಯೋ ಮಿಷನ್ನನ್ನು ಬೀದಿಯ ನಡುವೆ ತಂದಿಟ್ಟು ಬಾಗಿಲು ಹಾಕಿಕೊಂಡ. ಅದರ ಚಕ್ರದ ಪಟ್ಟಿ ಇರಲಿಲ್ಲ. ದರ್ಜಿ ಬಾಗಿಲು ತಟ್ಟಿ, "ಪಟ್ಟಿ?" ಎಂದ. "ಅದು ಗಾಳಿಗೆ ಹೋಯ್ತು," ಎಂದಿತು ಒಳಗಿನ ದನಿ. ದರ್ಜಿ ಹಳೆಯ ಬಟ್ಟೆಯನ್ನು ಹೊಸೆದು ಪಟ್ಟಿ ಮಾಡಿಕೊಂಡ.

ದೋಣಿ ದಿನವಿಡೀ ಆ ದಡಕ್ಕೂ ಈ ದಡಕ್ಕೂ ಓಡಾಡಿತು. ಹಿಟ್ಟು ಬಂತು, ಔಷಧಿ ಬಂತು, ಆಸ್ಪತ್ರೆಯ ನರ್ಸೊಬ್ಬಳು ಬಂದಳು. ಮೇಲ್ಬೀದಿಯವರೂ ಅದರಲ್ಲೇ ಕುಳಿತು ಹೋಗಿಬಂದರು. ದೋಣಿಯಲ್ಲಿ ಕುಳಿತೇ ದೋಣಿಯವಳಿಗೆ ಕೇಳುವ ಹಾಗೆ, "ಕದ್ದ ಮರ ನೋಡಮ್ಮ, ಹುಷಾರಾಗಿ ಕೂತ್ಕೋ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅವಳು ಹುಟ್ಟು ಹಾಕುತ್ತಿದ್ದಳು. ಇಷ್ಟು ವರ್ಷ ಒಬ್ಬನೇ ಆಡುತ್ತಿದ್ದ ಮಾತನ್ನು ಈಗ ಊರೆಲ್ಲ ಆಡುತ್ತಿತ್ತು, ಆ ಮಾತಿಗೆ ಬಾಗಿಲು ತೆರೆದವಳು ಅವಳೇ.

ಬಡಗಿಗೆ ಮಾತ್ರ ಬೀದಿ ಮುಖ ತಿರುಗಿಸಿತು. ಅವನ ಹೆಂಡತಿ ಕೊಡ ಹಿಡಿದು ಬಂದರೆ ನಲ್ಲಿಯ ಬಳಿಯ ಮಾತು ನಿಲ್ಲುತ್ತಿತ್ತು. ಎಲ್ಲರ ಮನೆಯ ಮಾಡೂ ಏಳುತ್ತಿರುವಾಗ ಒಬ್ಬರೂ ಬಡಗಿಯನ್ನು ಕರೆಯಲಿಲ್ಲ. ಹಲಗೆಗಳನ್ನು ತಾವೇ ಸೊಟ್ಟಗೆ ಹೊಡೆದುಕೊಂಡರು. ಅವನು ಟಾರ್ಪಾಲಿನ ಕೆಳಗೆ ಕುಳಿತು ಆ ಸೊಟ್ಟ ಸದ್ದುಗಳನ್ನು ಕೇಳುತ್ತಿದ್ದ.

ಮಳೆ ಮತ್ತೆ ಕೂಡಿಕೊಂಡ ಒಂದು ದಿನ ಅವನು ಅಳತೆಗೋಲು ಹಿಡಿದು ದಡಕ್ಕೆ ಬಂದ. ದೋಣಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಮರ ತರ್ತೀನಿ ಅಂದಿದ್ದೆ," ಎಂದ, ಹೊಳೆಯ ಕಡೆ ನೋಡುತ್ತಾ.

"ಅಂದಿದ್ದೆ. ನಿನ್ನೇನೂ ಕಾದೆ, ಮೊನ್ನೇನೂ ಕಾದೆ."

"ನೀನು ಆರಿಸಿದ ಮರ ನನಗೆ ಆಗಲ್ಲ. ನಾನೇ ನೋಡ್ಬೇಕು."

"ಹತ್ತು."

ಅವನು ಬಹಳ ಹೊತ್ತು ನಿಂತಿದ್ದು, ಚಪ್ಪಲಿ ಬಿಟ್ಟು, ಒಳಗೆ ಕಾಲಿಟ್ಟ. ಪವಿತ್ರ ಜಾಗಕ್ಕೆ ಕಾಲಿಡುವವನ ಹಾಗಿತ್ತು, ಹೊಲಸಿಗೆ ಕಾಲಿಡುವವನ ಹಾಗೂ ಇತ್ತು. ಮೂತಿಯ ಮೇಲೆ ಅವನ ಕೆಸರಿನ ಕೈ ಇನ್ನೂ ಇತ್ತು. ಅವಳು ಅದನ್ನು ತೊಳೆದಿರಲಿಲ್ಲ. ಮಳೆಗೆ ಎರಡು ಬೆರಳು ಹೋಗಿದ್ದವು.

ನಡುಹೊಳೆಯಲ್ಲಿ ಸೆಳೆತ ಹೆಚ್ಚಿ ದೋಣಿ ವಾಲಿದಾಗ, ಅವನು ಕೊಯ್ದ ಸೀಳಿನಿಂದ ನೀರು ಒಳಗೆ ನುಗ್ಗತೊಡಗಿತು. ಅವಳು ಅದಕ್ಕೆ ಬಟ್ಟೆ ತುರುಕಿ ಡಾಂಬರು ಬಳಿದಿದ್ದಳು. ಅದು ಸಡಿಲವಾಗಿತ್ತು.

"ಇದಕ್ಕೆ ಒಂದು ತುಂಡು ಹಲಗೆ ಹೊಡೀಬೇಕು," ಎಂದ.

"ಗೊತ್ತು."

"ಹೀಗೆ ಬಿಟ್ರೆ ಮುಳುಗುತ್ತೆ."

"ಗರಗಸ ಹಾಕಿದೋರಿಗೆ ಹೇಳು."

ನೀರು ಪಾದ ಮುಳುಗುವಷ್ಟಾಯಿತು. ಅವನು ಮೂಲೆಯಲ್ಲಿದ್ದ ತಗಡಿನ ಡಬ್ಬಿ ತೆಗೆದುಕೊಂಡು, ಒಂದು ಅಂಗೈಯನ್ನು ಸೀಳಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನೀರು ಎತ್ತಿ ಹೊರಗೆ ಚೆಲ್ಲತೊಡಗಿದ. ಅವಳು ಅವನ ಮುಖ ನೋಡದೆ ಹುಟ್ಟು ಹಾಕಿದಳು. ಆ ದಡ ಇನ್ನೂ ದೂರವಿತ್ತು. ಅವನು ಅಪ್ಪನ ಮರದ ಮೇಲಿಂದ ಕೈ ತೆಗೆಯುವ ಹಾಗಿರಲಿಲ್ಲ.